ಡ್ರಗ್ ಕೋರ್ಟಿಗೆ ಯಾರು ಅರ್ಹರು? ಹಳೆಯ ಶಿಕ್ಷೆಯ ಪ್ರಶ್ನೆ

ವಿಷಯ

ಅಮೆರಿಕದ ಇಲಿನಾಯ್ ರಾಜ್ಯದ ಶಿಕಾಗೊದಲ್ಲಿ 26ನೇ ಬೀದಿಯೂ ಕ್ಯಾಲಿಫೋರ್ನಿಯಾ ಅವೆನ್ಯೂವೂ ಕೂಡುವ ಕಡೆ ಕುಕ್ ಕೌಂಟಿಯ ಕ್ರಿಮಿನಲ್ ನ್ಯಾಯಾಲಯವಿದೆ. ಅದರ ಮಗ್ಗುಲಲ್ಲೇ ಕೌಂಟಿ ಜೈಲು. 1998ರಲ್ಲಿ ಇಲ್ಲಿ ಡ್ರಗ್ ಕೋರ್ಟ್ ಶುರುವಾಯಿತು. ಇದರ ಮೊದಲ ಮಾದರಿ 1989ರಲ್ಲಿ ಮಯಾಮಿಯಲ್ಲಿ ಹುಟ್ಟಿತ್ತು. ಮಿಷಿಗನ್ ರಾಜ್ಯದಲ್ಲಿ 1992ರಲ್ಲಿ ಕಲಮಜೂ ಊರು ಹೆಂಗಸರಿಗಾಗಿಯೇ ಒಂದು ಡ್ರಗ್ ಕೋರ್ಟ್ ತೆರೆಯಿತು. ಅದೇ ರಾಜ್ಯದ ಡೆಟ್ರಾಯಿಟ್ ನಗರದ 36ನೇ ಜಿಲ್ಲಾ ನ್ಯಾಯಾಲಯದಲ್ಲಿ ನ್ಯಾಯಾಧೀಶೆ ಲಿಯೋನಿಯಾ ಲಾಯ್ಡ್ ವರ್ಷಗಟ್ಟಲೆ ಇಂಥದೇ ಕೋರ್ಟು ನಡೆಸಿದರು.

ಹೆಸರು ಕೇಳಿದವರು ಇದನ್ನು ಮಾದಕವಸ್ತು ಕೇಸುಗಳ ವಿಚಾರಣೆಗೆಂದೇ ಇರುವ ನಮ್ಮ ಎನ್‌ಡಿಪಿಎಸ್ ವಿಶೇಷ ನ್ಯಾಯಾಲಯದಂತೆ ಎಂದುಕೊಳ್ಳಬಹುದು. ಅದಲ್ಲ. ಚಟಕ್ಕೆ ಬಿದ್ದು ಅಪರಾಧ ಮಾಡಿದವನನ್ನು ಜೈಲಿಗೆ ಅಟ್ಟುವ ಬದಲು ಒಂದು, ಒಂದೂವರೆ, ಎರಡು ವರ್ಷ ಚಿಕಿತ್ಸೆಯಲ್ಲಿಟ್ಟು ನ್ಯಾಯಾಧೀಶರೇ ಕಣ್ಣಿಟ್ಟು ಕಾಯುವ ವ್ಯವಸ್ಥೆ ಇದು. ಕಲಾಪಕ್ಕೆ ಮುಂಚೆ ನ್ಯಾಯಾಧೀಶರು, ಪ್ರಾಸಿಕ್ಯೂಟರ್, ಆರೋಪಿಯ ವಕೀಲರು, ಪ್ರೊಬೇಷನ್ ಅಧಿಕಾರಿ, ಆಪ್ತಸಲಹೆಗಾರರು ಒಂದೇ ಮೇಜಿನ ಸುತ್ತ ಕೂತು ಒಬ್ಬೊಬ್ಬರ ವಾರವನ್ನು ಬಿಡಿಸಿ ನೋಡುತ್ತಾರೆ: ಮೂತ್ರಪರೀಕ್ಷೆಯಲ್ಲಿ ಏನು ಬಂತು, ಯಾವ ಸಭೆ ತಪ್ಪಿಸಿದ, ಕೆಲಸ ಸಿಕ್ಕಿತೇ, ರಾತ್ರಿ ಮಲಗಲು ಜಾಗವಿದೆಯೇ. ಎಷ್ಟೋ ಕೋರ್ಟುಗಳಲ್ಲಿ ಪ್ರತಿಯೊಬ್ಬರಿಗೂ ಒಂದು ಬಣ್ಣ ಗೊತ್ತು ಮಾಡಿರುತ್ತಾರೆ. ದಿನಾ ಬೆಳಿಗ್ಗೆ ಒಂದು ನಂಬರಿಗೆ ಫೋನ್ ಮಾಡಬೇಕು. ತನ್ನ ಬಣ್ಣ ಕೂಗಿದರೆ ಅಂದೇ ಹೋಗಿ ಸ್ಯಾಂಪಲ್ ಕೊಡಬೇಕು. ಶಿಫ್ಟ್ ಇರಲಿ, ಮಗುವಿಗೆ ಜ್ವರವಿರಲಿ, ಹೊರಗೆ ಮೊಣಕಾಲುದ್ದ ಹಿಮವಿರಲಿ. ಮೂವತ್ತು ದಿನ ಶುದ್ಧವಾಗಿದ್ದವನಿಗೆ ಇಡೀ ಕೋರ್ಟು ಚಪ್ಪಾಳೆ ತಟ್ಟುತ್ತದೆ. ಸುಳ್ಳು ಹೇಳಿದವನಿಗೆ ನಾಲ್ಕು ದಿನ ಜೈಲೂ ಆಗುತ್ತದೆ. ಚಟ ಬಿಟ್ಟವನು ಮತ್ತೆ ಜಾರುತ್ತಾನೆಂಬುದನ್ನು ಮೊದಲೇ ಒಪ್ಪಿಕೊಂಡು ನಡೆಯುವ ನ್ಯಾಯಾಲಯ ಇದೊಂದೇ ಎಂದು ನನ್ನ ಎಣಿಕೆ.

ಸಂಶಯ

ಈ ಬಾಗಿಲಲ್ಲಿ ಯಾರನ್ನು ಒಳಗೆ ಬಿಡಬೇಕು? ಹಿಂದೆ ಶಿಕ್ಷೆಯಾದವನು ಅರ್ಹನೇ, ಅಲ್ಲವೇ?

ಯಾವ ಹಳೆಯ ಕೇಸಿದ್ದರೂ ಬಾಗಿಲು ಮುಚ್ಚಿತು ಎಂಬ ನಂಬಿಕೆ ಜನರಲ್ಲಿ ಬಲವಾಗಿದೆ. ಅದು ತಪ್ಪು. 2002ರಲ್ಲಿ ಜಾರಿಗೆ ಬಂದ ಇಲಿನಾಯ್ ರಾಜ್ಯದ ಡ್ರಗ್ ಕೋರ್ಟ್ ಕಾಯಿದೆ ಹಿಂದಿನ ಕಳ್ಳತನವನ್ನಾಗಲಿ, ಮಾದಕವಸ್ತು ಇಟ್ಟುಕೊಂಡ ಕೇಸನ್ನಾಗಲಿ ಅಡ್ಡಿಯೆಂದು ಎಣಿಸುವುದಿಲ್ಲ. ಅದು ತಡೆಯುವುದು ಹಿಂಸೆಯ ಅಪರಾಧಗಳನ್ನು. ಯಾವುವೆಂದು ಪಟ್ಟಿಯನ್ನೇ ಕೊಟ್ಟಿದೆ. ಕೊಲೆ, ಅತ್ಯಾಚಾರ, ಆಯುಧ ಹಿಡಿದು ಮಾಡಿದ ದರೋಡೆ, ಬೆಂಕಿಯಿಡುವುದು, ಅಪಹರಣ, ತೀವ್ರ ಗಾಯವಾದ ಹಲ್ಲೆ, ಬೆನ್ನಟ್ಟಿ ಕಾಡುವುದು, ಗುಂಡು ಹಾರಿಸಿದ ಯಾವುದೇ ಅಪರಾಧ ಇತ್ಯಾದಿ. ಅದಕ್ಕೂ ಕಾಲದ ಮಿತಿಯಿದೆ. ಮೊದಲು ಹತ್ತು ವರ್ಷವಿದ್ದುದನ್ನು ಆಮೇಲೆ ಐದಕ್ಕಿಳಿಸಿದರು. ಸೆರೆಯಲ್ಲಿ ಕಳೆದ ಕಾಲ ಈ ಲೆಕ್ಕಕ್ಕೆ ಬರುವುದಿಲ್ಲ.

ಮಿಷಿಗನ್ ಶಾಸನ 2004ರದು. ಅದರ ಮೂಲ ಪಾಠ ಬೇರೆಯೇ ದಾರಿ ಹಿಡಿಯಿತು. ಕೊಲ್ಲುವ ಅಥವಾ ತೀವ್ರ ಗಾಯ ಮಾಡುವ ಉದ್ದೇಶದಿಂದ ಬಲ ಪ್ರಯೋಗಿಸಿದ ಘೋರ ಅಪರಾಧಕ್ಕೆ ಒಮ್ಮೆ ಶಿಕ್ಷೆಯಾಗಿದ್ದರೆ ಅವನು ‘ಹಿಂಸಾಚಾರಿ’. ಹಿಂಸಾಚಾರಿಗೆ ಪ್ರವೇಶವಿಲ್ಲ. ಎಷ್ಟು ವರ್ಷ ಹಿಂದೆ ಎಂಬ ಪ್ರಶ್ನೆಯನ್ನೇ ಅದು ಕೇಳಲಿಲ್ಲ. ಜತೆಗೆ, ಡ್ರಗ್ ಕೋರ್ಟಿಗೆ ಸೇರುವುದು ಯಾರ ಹಕ್ಕೂ ಅಲ್ಲ ಎಂದು ಕಾಯಿದೆ ಖಡಾಖಂಡಿತವಾಗಿ ಹೇಳಿಬಿಟ್ಟಿತು.

ಒಬ್ಬನನ್ನು ಕಲ್ಪಿಸಿಕೊಳ್ಳೋಣ. 1998ರಲ್ಲಿ, ಹತ್ತೊಂಬತ್ತರ ಹರೆಯದಲ್ಲಿ, ಬೀದಿ ಜಗಳದಲ್ಲಿ ಒಬ್ಬನನ್ನು ಕೊಲ್ಲಲೆಂದೇ ಹೊಡೆದು ಮೂಳೆ ಮುರಿದ. ನಾಲ್ಕು ವರ್ಷ ಜೈಲು, ಎರಡು ವರ್ಷ ಪೆರೋಲ್. 2004ಕ್ಕೆ ಎಲ್ಲ ಮುಗಿಯಿತು. ಗೋದಾಮಿನಲ್ಲಿ ಕೆಲಸ ಹಿಡಿದ, ಬೆನ್ನು ನೋವಿಗೆ ಕೊಟ್ಟ ಮಾತ್ರೆ ಚಟವಾಯಿತು, ಮಾತ್ರೆ ಸಿಗದಾದಾಗ ಹೆರಾಯಿನ್. 2018ರಲ್ಲಿ ಜೇಬಿನಲ್ಲಿ ಪುಡಿಯೊಂದಿಗೆ ಸಿಕ್ಕಿಬಿದ್ದ. ಸಿಕ್ಕಿದ್ದು ಶಿಕಾಗೊದಲ್ಲಾದರೆ ಕಾಯಿದೆಯ ದೃಷ್ಟಿಯಲ್ಲಿ ಹಳೆಯ ಶಿಕ್ಷೆ ಅವನಿಗೆ ಅಡ್ಡ ಬಾರದು. ಸುಮಾರು 450 ಕಿಲೋಮೀಟರು ದೂರದ ಡೆಟ್ರಾಯಿಟಿನಲ್ಲಾದರೆ, 2004ರ ಪಾಠದಂತೆ, ಬಾಗಿಲು ಮುಚ್ಚಿತು. ಮನುಷ್ಯ ಅವನೇ, ಚಟ ಅದೇ, ಅಪಾಯವೂ ಅಷ್ಟೇ.

ಪೂರ್ವಪಕ್ಷ

ಎದುರು ವಾದವನ್ನು ಅದರ ಪೂರ್ಣ ಬಲದಲ್ಲೇ ಇಡುತ್ತೇನೆ.

ಡ್ರಗ್ ಕೋರ್ಟಿಗೆ ಬಂದವನು ರಾತ್ರಿ ಮನೆಗೆ ಹೋಗುತ್ತಾನೆ. ಹಿಂದೆ ಒಬ್ಬರ ಮೇಲೆ ಕೈ ಮಾಡಿದವನು ಅಮಲಿನಲ್ಲಿ ಮತ್ತೆ ಮಾಡಿದರೆ ಹೊಣೆ ಯಾರದು? ಗುಂಪು ಚಿಕಿತ್ಸೆಯಲ್ಲಿ ಅವನ ಪಕ್ಕದ ಕುರ್ಚಿಯಲ್ಲಿ ಕೂರುವ, ಗಂಡನಿಂದ ಹೊಡೆತ ತಿಂದು ಬಂದ ಹೆಂಗಸಿನ ಗತಿಯೇನು? ಅವನಿಂದ ಗಾಯಗೊಂಡವರು ಇನ್ನೂ ಅದೇ ಬೀದಿಯಲ್ಲಿದ್ದಾರೆ. ಎರಡನೆಯದಾಗಿ, ಜಾಗ ಕಡಿಮೆ. ಮೊದಲ ಸಲ ಎಡವಿದ ಹುಡುಗನಿಗೆ ಕೊಡಬೇಕಾದ್ದನ್ನು ಮೂರು ಸಲ ಬಿದ್ದವನಿಗೆ ಕೊಡುವುದು ನ್ಯಾಯವೇ? ಮೂರನೆಯದು, ಒಬ್ಬ ಹಳೆಯ ಅಪರಾಧಿ ಕಾರ್ಯಕ್ರಮದಲ್ಲಿದ್ದಾಗಲೇ ಕೊಲೆ ಮಾಡಿದರೆ ಪತ್ರಿಕೆಗಳು ಇಡೀ ಡ್ರಗ್ ಕೋರ್ಟನ್ನು ಮುಚ್ಚಿಸುತ್ತವೆ. ಒಬ್ಬನಿಗಾಗಿ ನೂರು ಜನ ನೆಲೆ ಕಳೆದುಕೊಳ್ಳುತ್ತಾರೆ. ಆದ್ದರಿಂದ ಕಟ್ಟುನಿಟ್ಟಿನ ಬೇಲಿಯೇ ಮೇಲು.

ಅಮೆರಿಕದ ಸಂಸತ್ತು 1994ರಲ್ಲಿ ಡ್ರಗ್ ಕೋರ್ಟುಗಳಿಗೆ ಅನುದಾನ ಕೊಡಲು ಹೊರಟಾಗ ಒಪ್ಪಿದ್ದು ಈ ವಾದವನ್ನೇ. ಹಿಂಸಾಚಾರಿಗಳನ್ನು ಸೇರಿಸಿಕೊಳ್ಳುವ ಕೋರ್ಟಿಗೆ ಕೇಂದ್ರದ ಹಣವಿಲ್ಲ ಎಂದಿತು. ಮಿಷಿಗನ್ ವ್ಯಾಖ್ಯೆಯನ್ನೂ ಕೇಂದ್ರದ ವ್ಯಾಖ್ಯೆಯನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಮಾತುಗಳು ಬಹುಪಾಲು ಒಂದೇ. ಬೇಲಿ ಹಣದ ಬೆನ್ನಿಗೆ ಬಂತು. ಚಿಕಿತ್ಸೆಯ ಅನುಭವದಿಂದ ಹುಟ್ಟಿದ್ದಲ್ಲ.

ಸಿದ್ಧಾಂತ

ಜೈಮಿನಿಯ ಮೀಮಾಂಸಾಸೂತ್ರದ ಆರನೆಯ ಅಧ್ಯಾಯದ ವಿಷಯ ಅರ್ಹತೆಯ ಈ ಪ್ರಶ್ನೆಯೇ: ವೈದಿಕ ಕರ್ಮಕ್ಕೆ ಯಾರು ಅಧಿಕಾರಿ? ಪರಂಪರೆ ಮೂರು ಲಕ್ಷಣ ಹೇಳುತ್ತದೆ. ಅವನಿಗೆ ಫಲದ ಬಯಕೆಯಿರಬೇಕು, ಮಾಡುವ ಸಾಮರ್ಥ್ಯವಿರಬೇಕು, ಶಾಸ್ತ್ರ ಅವನನ್ನು ಹೊರಗಿಟ್ಟಿರಬಾರದು. ಮೊದಲೆರಡು ವ್ಯಕ್ತಿಯನ್ನು ನೋಡಿ ತಿಳಿಯುವಂಥವು. ಮೂರನೆಯದು ಹಾಗಲ್ಲ. ಅದನ್ನು ತೀರ್ಮಾನಿಸಲು ವ್ಯಕ್ತಿಯ ಮುಖ ನೋಡುವ ಅಗತ್ಯವೇ ಬೀಳುವುದಿಲ್ಲ. ಆ ಅಧ್ಯಾಯದಲ್ಲೇ ಬಾದರಿ ಎಂಬ ಆಚಾರ್ಯ ಎಲ್ಲರಿಗೂ ಅಧಿಕಾರವುಂಟು ಎಂದು ವಾದಿಸಿದ್ದು ದಾಖಲಾಗಿದೆ. ಜೈಮಿನಿಯ ಪಂಥ ಅದನ್ನು ತಳ್ಳಿಹಾಕಿ ಶೂದ್ರರನ್ನು ಹೊರಗಿಟ್ಟಿತು. ತರ್ಕ ಎಷ್ಟೇ ಚೊಕ್ಕವಾಗಿದ್ದರೂ ಹೊರಗಿಡುವ ಗೆರೆ ಯಾರ ಮೇಲೆ ಬೀಳುತ್ತದೆಂದು ಕೇಳುವುದನ್ನು ಕಲಿಸಲು ನಮಗೆ ಅದಕ್ಕಿಂತ ಕಹಿಯಾದ ಪಾಠ ಬೇಕಿಲ್ಲ.

ಡ್ರಗ್ ಕೋರ್ಟಿನಲ್ಲೂ ಮೊದಲೆರಡು ಲಕ್ಷಣಗಳನ್ನು ಪರೀಕ್ಷಿಸಲು ಸಾಧನಗಳಿವೆ. ಇಲಿನಾಯ್‌ನಲ್ಲಿ ಆರೋಪಿ ತೆರೆದ ನ್ಯಾಯಾಲಯದಲ್ಲಿ ಬರಹದ ಮೂಲಕ ಒಪ್ಪಿಗೆ ಕೊಡಬೇಕು. ಚಟ ಎಷ್ಟು ಆಳ, ಮತ್ತೆ ಅಪರಾಧಕ್ಕಿಳಿಯುವ ಸಂಭವ ಎಷ್ಟು ಎಂಬ ಎರಡನ್ನೂ ಪ್ರಶ್ನಾವಳಿಗಳಿಂದ, ಸಂದರ್ಶನದಿಂದ ಅಳೆಯುತ್ತಾರೆ. ಹಳೆಯ ಶಿಕ್ಷೆಯೂ ಆ ಅಳತೆಯೊಳಗೆ ಒಂದು ಅಂಶವಾಗಿ ಬರಲಿ. ನನ್ನ ವಾದ ಇಷ್ಟೇ: ಹಳೆಯ ಶಿಕ್ಷೆಯನ್ನು ತೂಗಬೇಕು, ಅಗುಳಿಯಾಗಿ ಬಳಸಬಾರದು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಹಿಂದೆ ಶಿಕ್ಷೆಯಾದವನೇ ಡ್ರಗ್ ಕೋರ್ಟಿನ ನಿಜವಾದ ಹಕ್ಕುದಾರ.

ಕಾರಣ ಹೇಳುತ್ತೇನೆ. ಮೊದಲ ಸಲ ಸಿಕ್ಕಿಬಿದ್ದವನಿಗೆ ಎರಡೂ ರಾಜ್ಯಗಳಲ್ಲಿ ಬೇರೆ ಬಾಗಿಲಿದೆ. ವಕೀಲರು ಇಲಿನಾಯ್‌ನಲ್ಲಿ ‘410 ಪ್ರೊಬೇಷನ್’ ಎನ್ನುವುದು, ಮಿಷಿಗನ್‌ನಲ್ಲಿ ‘7411’ ಎನ್ನುವುದು ಅದನ್ನೇ. ಷರತ್ತುಗಳನ್ನು ಪಾಲಿಸಿದರೆ ಶಿಕ್ಷೆ ದಾಖಲಾಗದೆ ಕೇಸು ವಜಾ ಆಗುತ್ತದೆ. 7411 ಜೀವಮಾನಕ್ಕೆ ಒಂದೇ ಸಲ. ಹೀಗಿರುವಾಗ, ವಾರಾಂತ್ಯದ ಮೋಜಿನಲ್ಲಿ ಸಿಕ್ಕಿಬಿದ್ದ ಕಾಲೇಜು ಹುಡುಗನನ್ನು ಡ್ರಗ್ ಕೋರ್ಟಿಗೆ ಹಾಕಿದರೆ ಅವನಿಗೆ ಬೇಡದ ಚಿಕಿತ್ಸೆ ಕೊಟ್ಟಂತೆ. ಬೆಳಿಗ್ಗೆಯ ಫೋನು, ವಾರಕ್ಕೆರಡು ಪರೀಕ್ಷೆ, ಹದಿನೈದು ದಿನಕ್ಕೊಮ್ಮೆ ಹಾಜರಿ. ಅವನ ಓದು ಹಾಳಾಗುತ್ತದೆ, ಒಂದು ಹಾಜರಿ ತಪ್ಪಿದರೆ ಜೈಲಿನ ರುಚಿ ಹತ್ತುತ್ತದೆ, ಸಹವಾಸ ಬದಲಾಗುತ್ತದೆ. ಡ್ರಗ್ ಕೋರ್ಟ್ ವೃತ್ತಿಪರರ ರಾಷ್ಟ್ರೀಯ ಸಂಘ 2013ರಲ್ಲಿ ಹೊರತಂದ ಮಾನದಂಡಗಳು ಇದನ್ನೇ ಹೇಳುತ್ತವೆ: ಈ ಕೋರ್ಟು ಮತ್ತೆ ಅಪರಾಧಕ್ಕಿಳಿಯುವ ಅಪಾಯವೂ ಚಿಕಿತ್ಸೆಯ ಅಗತ್ಯವೂ ಹೆಚ್ಚಿರುವವರಿಗೆ. ಕಾನೂನು ತಡೆಯದಿದ್ದರೆ, ಹಿಂಸೆಯ ಹಿನ್ನೆಲೆಯೊಂದೇ ಕಾರಣಕ್ಕೆ ಯಾರನ್ನೂ ತಾನಾಗಿ ಹೊರಗಿಡಬಾರದು ಎಂದೂ ಅವು ಹೇಳುತ್ತವೆ. ಅಪಾಯ ಹೆಚ್ಚಿರುವವನೆಂದರೆ ಬೇರೆ ಯಾರು? ಹಿಂದೆ ಶಿಕ್ಷೆ ಕಂಡವನೇ. ಅವನನ್ನೇ ಹೊರಗಿಟ್ಟ ಡ್ರಗ್ ಕೋರ್ಟು ಹೇಗೂ ಗೆಲ್ಲುವವರನ್ನು ಆರಿಸಿಕೊಂಡು ಗೆಲುವಿನ ಲೆಕ್ಕ ತೋರಿಸುತ್ತದೆ.

ಶಿಕಾಗೊ ವಿಶ್ವವಿದ್ಯಾಲಯದ ಹೆರಾಲ್ಡ್ ಪೊಲಾಕ್, ಅವರ ಜತೆ ಪೀಟರ್ ರೂಟರ್ ಮತ್ತು ಎರಿಕ್ ಸೆವಿಗ್ನಿ ಈ ಗಂಟನ್ನು ಬಿಡಿಸಿ ತೋರಿಸಿದ್ದಾರೆ. ಚಿಕಿತ್ಸೆ ಇಷ್ಟು ಕೆಲಸ ಮಾಡುವುದಾದರೆ ಸೆರೆಮನೆಗಳು ಚಟಗಾರರಿಂದ ಯಾಕೆ ತುಂಬಿವೆ ಎಂದು ಅವರು ಕೇಳಿದರು. ಸೆರೆಮನೆ ತುಂಬುವವರು ದೀರ್ಘ ಅಪರಾಧ ಚರಿತ್ರೆಯವರು, ಅವರನ್ನೇ ಅರ್ಹತೆಯ ನಿಯಮಗಳು ಜರಡಿ ಹಿಡಿದು ಆಚೆ ಹಾಕುತ್ತವೆ ಎಂಬುದು ಅವರು ಕಂಡ ಉತ್ತರದ ಮುಖ್ಯ ಭಾಗ. ಅವಿನಾಶ್ ಭಾಟಿ ಮತ್ತು ಸಂಗಡಿಗರು 2008ರಲ್ಲಿ ಅರ್ಬನ್ ಇನ್‌ಸ್ಟಿಟ್ಯೂಟಿಗಾಗಿ ಮಾಡಿದ ಅಂದಾಜು ಇನ್ನೂ ನೇರವಾದುದು. ದೇಶದಲ್ಲಿ ಬಂಧನಕ್ಕೊಳಗಾಗುವವರಲ್ಲಿ ಸುಮಾರು 15 ಲಕ್ಷ ಜನ ಚಟಕ್ಕೆ ಬಿದ್ದವರು ಅಥವಾ ಬೀಳುವ ಅಂಚಿನಲ್ಲಿರುವವರು. ಡ್ರಗ್ ಕೋರ್ಟಿನ ನಿಯಮಗಳಿಗೆ ಹೊಂದುವವರು ಸುಮಾರು 1.1 ಲಕ್ಷ. ನಿಜಕ್ಕೂ ಒಳಗಿದ್ದವರು ಸುಮಾರು 55 ಸಾವಿರ. ಜಾಗದ ಕೊರತೆ ಅರ್ಧ ಜನರನ್ನು ತಡೆದರೆ, ನಿಯಮಗಳು ಹದಿಮೂರು ಲಕ್ಷಕ್ಕೂ ಮಿಕ್ಕಿದವರನ್ನು ಬಾಗಿಲ ಹತ್ತಿರಕ್ಕೂ ಬಿಡಲಿಲ್ಲ.

ಇನ್ನು ಸುರಕ್ಷತೆಯ ಮಾತು. ಡ್ರಗ್ ಕೋರ್ಟಿಗೆ ಸೇರಿಸದ ಮಾತ್ರಕ್ಕೆ ಅವನು ಊರಿನಿಂದ ಮಾಯವಾಗುತ್ತಾನೆಯೇ? ಇಲಿನಾಯ್‌ನಲ್ಲಿ ಅಲ್ಪ ಪ್ರಮಾಣ ಇಟ್ಟುಕೊಂಡದ್ದು ನಾಲ್ಕನೇ ದರ್ಜೆಯ ಅಪರಾಧ, ಸಾಮಾನ್ಯವಾಗಿ ಒಂದರಿಂದ ಮೂರು ವರ್ಷ. ಅದು ಮುಗಿದ ಮೇಲೆ ಅದೇ ಬೀದಿಗೆ, ಅದೇ ಚಟದೊಂದಿಗೆ ಬರುತ್ತಾನೆ. ಆಗ ಅವನ ಮೂತ್ರ ಪರೀಕ್ಷಿಸುವವರಿಲ್ಲ, ಹದಿನೈದು ದಿನಕ್ಕೊಮ್ಮೆ ಮುಖ ನೋಡುವ ನ್ಯಾಯಾಧೀಶರಿಲ್ಲ. ಜೈಲಿನಲ್ಲಿ ದೇಹದ ತಾಳಿಕೆ ಇಳಿದಿರುತ್ತದೆ. ಹೊರಬಂದು ಹಳೆಯ ಪ್ರಮಾಣದಲ್ಲೇ ತೆಗೆದುಕೊಂಡರೆ, ಅದರಲ್ಲೂ ಫೆಂಟನಿಲ್ ಬೆರೆತ ಸರಕಾದರೆ, ಸಾವು. ಎರಡರಲ್ಲಿ ಊರಿಗೆ ಯಾವುದು ಕ್ಷೇಮ?

ಅನುಭವವೂ ಪೂರ್ವಪಕ್ಷದ ಕಡೆಗಿಲ್ಲ. 23 ಡ್ರಗ್ ಕೋರ್ಟುಗಳನ್ನು, ಹೋಲಿಕೆಗೆ ಅಂಥ ಕೋರ್ಟಿಲ್ಲದ 6 ಪ್ರದೇಶಗಳನ್ನು ಇಟ್ಟುಕೊಂಡು ನಡೆದ ರಾಷ್ಟ್ರೀಯ ಅಧ್ಯಯನ 2011ರಲ್ಲಿ ಮುಗಿಯಿತು. ಹದಿನೆಂಟು ತಿಂಗಳ ಹೊತ್ತಿಗೆ ಮಾದಕವಸ್ತು ಬಳಸಿದ್ದಾಗಿ ಹೇಳಿದವರು ಡ್ರಗ್ ಕೋರ್ಟಿನಲ್ಲಿ ಶೇ. 56, ಹೊರಗೆ ಶೇ. 76. ಅಪರಾಧ ಮಾಡಿದ್ದಾಗಿ ಹೇಳಿದವರು ಶೇ. 40, ಹೊರಗೆ ಶೇ. 53. ಹಿಂಸೆಯ ಹಿನ್ನೆಲೆಯುಳ್ಳವರಿಗೆ ಈ ಲಾಭ ಕಡಿಮೆಯಾಗಲಿಲ್ಲ. ಈ ಅಂಕಿಗಳು ಪವಾಡವನ್ನು ಹೇಳುವುದಿಲ್ಲ, ನಾನೂ ಹೇಳುವುದಿಲ್ಲ. ಅರ್ಧಕ್ಕರ್ಧ ಜನ ಜಾರಿದ್ದಾರೆ. ಆದರೆ ಬೇಲಿ ಹಾಕಿದವರು ಭಯಪಟ್ಟದ್ದು ಇಲ್ಲಿ ಕಾಣಿಸುವುದಿಲ್ಲ.

ಗಾಯಗೊಂಡವರ ಮಾತನ್ನು ನಾನು ಹಗುರವಾಗಿ ಕಾಣುವವನಲ್ಲ. ಗುಂಪು ಚಿಕಿತ್ಸೆಯಲ್ಲಿ ಹೆಂಗಸರನ್ನು ಬೇರೆ ಕೂರಿಸಬೇಕು. ಕಲಮಜೂ ಶುರು ಮಾಡಿದ್ದೇ ಹಾಗೆ. ಹೆಂಡತಿಯನ್ನು ಹೊಡೆದು ವರ್ಷವಾಗದವನನ್ನು ಅದೇ ಮನೆಯಲ್ಲಿಟ್ಟು ಚಿಕಿತ್ಸೆ ಕೊಡುತ್ತೇವೆನ್ನುವುದು ಹುಂಬತನ. ಆದರೆ ಇವೆಲ್ಲ ಈಗಿನ ಅಪಾಯವನ್ನು ನೋಡಿ ಹಾಕುವ ಷರತ್ತುಗಳು. ಇಪ್ಪತ್ತು ವರ್ಷದ ಹಿಂದಿನ ಶಿಕ್ಷೆಯನ್ನು ಅವನು ಆಗಲೇ ಉಂಡಿದ್ದಾನೆ. ಅದೇ ತಪ್ಪಿಗೆ ಚಿಕಿತ್ಸೆಯನ್ನು ನಿರಾಕರಿಸುವುದು ಎರಡನೇ ಶಿಕ್ಷೆ. ಅದನ್ನು ಯಾವ ನ್ಯಾಯಾಧೀಶರೂ ವಿಧಿಸಿರಲಿಲ್ಲ.

ಇನ್ನು ಗೆರೆ ಯಾರ ಮೇಲೆ ಬೀಳುತ್ತದೆ ಎಂಬುದು. ಶಿಕಾಗೊದ ಪಶ್ಚಿಮ ಮತ್ತು ದಕ್ಷಿಣ ಭಾಗದ ಕರಿಯರ ಬಡಾವಣೆಗಳಲ್ಲಿ, ಡೆಟ್ರಾಯಿಟ್ ನಗರದೊಳಗೆ, ಪೊಲೀಸ್ ಗಸ್ತು ದಟ್ಟ, ಬಂಧನ ಹೆಚ್ಚು, ಹೀಗಾಗಿ ದಾಖಲೆಯೂ ಉದ್ದ. ಅದೇ ಹರೆಯದಲ್ಲಿ ಅದೇ ಜಗಳವಾಡಿದ ಉಪನಗರದ ಹುಡುಗನನ್ನು ಶಾಲೆಯ ಪ್ರಿನ್ಸಿಪಾಲರು ಕರೆದು ಬುದ್ಧಿ ಹೇಳಿ ಕಳಿಸಿರುತ್ತಾರೆ. ದಾಖಲೆಯನ್ನು ಅಗುಳಿಯಾಗಿಸಿದರೆ ಆ ವ್ಯತ್ಯಾಸವೆಲ್ಲ ಚಿಕಿತ್ಸೆಯ ಬಾಗಿಲಿಗೂ ದಾಟಿಕೊಳ್ಳುತ್ತದೆ.

ನಮ್ಮ ಕಾಯಿದೆ ಈ ವಿಷಯದಲ್ಲಿ ಮೆಚ್ಚಬೇಕಾದ ಒಂದು ಹದ ತೋರಿಸುತ್ತದೆ. 1985ರ ಎನ್‌ಡಿಪಿಎಸ್ ಕಾಯಿದೆಯ 39ನೇ ಕಲಮು, ಸೇವನೆ ಅಥವಾ ಅಲ್ಪ ಪ್ರಮಾಣದ ತಪ್ಪಿಗೆ ದೋಷಿಯಾದ ವ್ಯಸನಿಯನ್ನು ಜೈಲಿನ ಬದಲು ಚಿಕಿತ್ಸೆಗೆ ಬಿಡಲು ನ್ಯಾಯಾಲಯಕ್ಕೆ ಅಧಿಕಾರ ಕೊಡುತ್ತದೆ. ಹಾಗೆ ಬಿಡುವಾಗ ಅವನ ವಯಸ್ಸು, ನಡತೆ, ಪೂರ್ವಚರಿತ್ರೆ, ದೇಹ ಮನಸ್ಸುಗಳ ಸ್ಥಿತಿ ನೋಡಬೇಕು ಎನ್ನುತ್ತದೆ. ಪೂರ್ವಚರಿತ್ರೆ ಅಲ್ಲಿ ನಾಲ್ಕರಲ್ಲಿ ಒಂದು. ಕಲಮನ್ನು ನಮ್ಮ ನ್ಯಾಯಾಲಯಗಳು ಸಾಕಷ್ಟು ಬಳಸುತ್ತಿವೆಯೇ ಎಂಬುದು ಬೇರೆಯೇ ಲೇಖನದ ವಿಷಯ.

ಉಳಿದ ಆಕ್ಷೇಪಗಳು

ಇಡೀ ಡ್ರಗ್ ಕೋರ್ಟೇ ಮುಚ್ಚಿಹೋಗುವ ಭಯಕ್ಕೆ ಚಿಕ್ಕ ಉತ್ತರ ಸಾಕು. ಒಂದು ದುರಂತಕ್ಕೆ ಹೆದರಿ ಬಾಗಿಲು ಹಾಕಿಕೊಂಡರೆ ಹೊರಗೆ ಸಾಯುವವರು ಸುದ್ದಿಯಾಗುವುದಿಲ್ಲ ಅಷ್ಟೇ; ಸಾಯುತ್ತಾರೆ.

ಇದಕ್ಕಿಂತ ಬಲವಾದ ಆಕ್ಷೇಪ ಇನ್ನೊಂದು ಕಡೆಯಿಂದ ಬರುತ್ತದೆ. ಡ್ರಗ್ ಕೋರ್ಟೇ ಬೇಡ ಎನ್ನುವವರಿದ್ದಾರೆ. ಕಾಯಿಲೆಗೆ ವೈದ್ಯರು ಬೇಕು, ನ್ಯಾಯಾಧೀಶರಲ್ಲ. ಜಾರಿದ ರೋಗಿಯನ್ನು ಜೈಲಿಗೆ ಹಾಕುವುದು ಎಂಥ ಚಿಕಿತ್ಸೆ. ಕಾರ್ಯಕ್ರಮದಲ್ಲಿ ಸೋತವನಿಗೆ ಮೊದಲೇ ತಪ್ಪೊಪ್ಪಿ ಹೋಗಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚು ಸೆರೆವಾಸ ಬೀಳುತ್ತದೆ. ಹಳೆಯ ಅಪರಾಧಿಗಳು ಹೆಚ್ಚು ಸೋಲುತ್ತಾರೆ, ಆದ್ದರಿಂದ ಅವರನ್ನು ಒಳಗೆ ಬಿಟ್ಟು ಅವರಿಗೇ ಕೇಡು ಮಾಡುತ್ತಿದ್ದೀರಿ ಎಂಬುದು ಇದರ ತಿರುಳು. ಇದರಲ್ಲಿ ಬಹುಪಾಲು ನನಗೆ ಒಪ್ಪಿಗೆ. ಸೋತವನ ಶಿಕ್ಷೆ, ಸೇರದೇ ಇದ್ದಿದ್ದರೆ ಆಗುತ್ತಿದ್ದುದಕ್ಕಿಂತ ಒಂದು ದಿನವೂ ಹೆಚ್ಚಾಗಬಾರದೆಂದು ಮೊದಲೇ ಬರೆದುಕೊಡಬೇಕು. ಚಟದ ಚಿಕಿತ್ಸೆಗೆಂದು ವೈದ್ಯರು ಕೊಡುವ ಮೆಥಡೋನ್, ಬ್ಯೂಪ್ರಿನಾರ್ಫಿನ್ ತೆಗೆದುಕೊಳ್ಳುವವನನ್ನು ‘ಇನ್ನೂ ಚಟ ಬಿಟ್ಟಿಲ್ಲ’ ಎಂದು ಹೊರದೂಡುವ ಹಳೆಯ ಚಾಳಿ ಪೂರ್ತಿ ನಿಲ್ಲಬೇಕು. ಆದರೆ ಮಾದಕವಸ್ತು ಇಟ್ಟುಕೊಳ್ಳುವುದು ಅಪರಾಧವಾಗಿಯೇ ಇರುವವರೆಗೆ, ನಾಳೆ ಬೆಳಿಗ್ಗೆ ಕಟಕಟೆಯಲ್ಲಿ ನಿಲ್ಲುವವನಿಗೆ ಎದುರಿರುವುದು ಜೈಲು ಅಥವಾ ಡ್ರಗ್ ಕೋರ್ಟು. ಇನ್ನೂ ಕಟ್ಟದ ಆಸ್ಪತ್ರೆಯ ಹೆಸರಿನಲ್ಲಿ ಇರುವ ಬಾಗಿಲನ್ನು ಅವನಿಗೆ ಮುಚ್ಚಲಾರೆ.

ಕೊನೆಯ ಆಕ್ಷೇಪ ಅಮೆರಿಕದಲ್ಲಿ ನೆಲೆಸಿದ ನಮ್ಮ ಕನ್ನಡಿಗರದೇ. 2002ರಲ್ಲಿ ಡೆಟ್ರಾಯಿಟ್, 2008ರಲ್ಲಿ ಶಿಕಾಗೊ, ಅಲ್ಲಿನ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ಸಮ್ಮೇಳನಕ್ಕೆ ನೆಲೆಯಾದವು. ಶಿಕಾಗೊದ ವಿದ್ಯಾರಣ್ಯ ಕನ್ನಡ ಕೂಟ, ಡೆಟ್ರಾಯಿಟಿನ ಪಂಪ ಕನ್ನಡ ಕೂಟಗಳ ಯುಗಾದಿ ರಾಜ್ಯೋತ್ಸವಗಳಿಗೆ ನೇಪರ್‌ವಿಲ್, ಟ್ರಾಯ್, ನೋವೈ ಕಡೆಯ ಕುಟುಂಬಗಳು ತುಂಬಿ ಬರುತ್ತವೆ. ‘ಇದು ನಮ್ಮ ಮನೆಯ ವಿಷಯವಲ್ಲ’ ಎಂಬ ಮಾತು ಅಲ್ಲಿ ಸುಲಭವಾಗಿ ಬರುತ್ತದೆ. ಆದರೆ ಪೌರತ್ವ ಪಡೆದವರು ತಾವಿರುವ ಕೌಂಟಿಯ ಪ್ರಾಸಿಕ್ಯೂಟರನ್ನು ಓಟು ಹಾಕಿ ಆರಿಸುತ್ತಾರೆ. ಡ್ರಗ್ ಕೋರ್ಟಿಗೆ ಯಾರನ್ನು ಬಿಡಬೇಕೆಂಬ ಮಾತಿನಲ್ಲಿ ಆ ಕಚೇರಿಯ ಕೈ ದೊಡ್ಡದು. ಅಷ್ಟರ ಮಟ್ಟಿಗೆ ಅದು ನಮ್ಮ ಮನೆಯ ವಿಷಯವೇ. ಪೌರತ್ವ ಇಲ್ಲದವರಿಗೆ ಇನ್ನೂ ಹತ್ತಿರದ್ದು.

ಅಮೆರಿಕದ ವಲಸೆ ಕಾನೂನು 1996ರಿಂದ ‘ಶಿಕ್ಷೆ’ಗೆ ತನ್ನದೇ ವ್ಯಾಖ್ಯೆ ಇಟ್ಟುಕೊಂಡಿದೆ. ಆರೋಪಿ ತಪ್ಪೊಪ್ಪಿಕೊಂಡು, ನ್ಯಾಯಾಲಯ ಯಾವುದಾದರೂ ನಿರ್ಬಂಧ ಹಾಕಿದರೆ ಸಾಕು, ಅದು ಶಿಕ್ಷೆಯೇ. ಎರಡು ವರ್ಷ ಶುದ್ಧವಾಗಿದ್ದು, ಡ್ರಗ್ ಕೋರ್ಟಿನ ಕಾರ್ಯಕ್ರಮ ಮುಗಿಸಿ, ರಾಜ್ಯದ ನ್ಯಾಯಾಧೀಶರು ಕೇಸನ್ನು ವಜಾ ಮಾಡಿದರೂ ವಲಸೆ ಇಲಾಖೆಯ ಕಣ್ಣಿನಲ್ಲಿ ಅದು ಅಳಿಯುವುದಿಲ್ಲ. ಮಾದಕವಸ್ತುವಿನ ಶಿಕ್ಷೆಗೆ ಗ್ರೀನ್ ಕಾರ್ಡ್ ಇದ್ದವನನ್ನೂ ಗಡೀಪಾರು ಮಾಡಬಹುದು. ಸ್ವಂತ ಬಳಕೆಗೆ 30 ಗ್ರಾಂ ಒಳಗಿನ ಗಾಂಜಾ ಒಂದೇ ಸಲ ಇಟ್ಟುಕೊಂಡದ್ದಕ್ಕೆ ಮಾತ್ರ ವಿನಾಯಿತಿ. ಮಿಷಿಗನ್ 2018ರ ಮತದಾನದಲ್ಲಿ, ಇಲಿನಾಯ್ 2020ರ ಜನವರಿಯಿಂದ ಗಾಂಜಾವನ್ನು ಸಕ್ರಮ ಮಾಡಿದರೂ ಕೇಂದ್ರದ ಕಾನೂನು ಸಡಿಲವಾಗಲಿಲ್ಲ. ಹೀಗಿರುವಾಗ ಡ್ರಗ್ ಕೋರ್ಟು ನಮ್ಮ ಹುಡುಗರಿಗೆ ಬಲೆಯಲ್ಲವೇ, ಅದರ ಬಾಗಿಲು ಅಗಲ ಮಾಡಿ ಏನು ಪ್ರಯೋಜನ ಎಂದು ಕೇಳಿದರೆ ಪ್ರಶ್ನೆ ಸರಿಯಾಗಿಯೇ ಇದೆ.

ಉತ್ತರ ಕಾಯಿದೆಯಲ್ಲೇ ಇದೆ. ಇಲಿನಾಯ್ ಎರಡು ಬಗೆಯ ಡ್ರಗ್ ಕೋರ್ಟನ್ನು ಒಪ್ಪುತ್ತದೆ: ದೋಷ ನಿರ್ಣಯವಾದ ಮೇಲೆ ಸೇರುವುದು, ಅದಕ್ಕೆ ಮುಂಚೆಯೇ ಸೇರುವುದು. ಎರಡನೆಯದರಲ್ಲಿ ತಪ್ಪೊಪ್ಪಿಗೆ ದಾಖಲಾಗದಂತೆ ನೋಡಿಕೊಂಡರೆ ವಲಸೆಯ ವ್ಯಾಖ್ಯೆಯಿಂದ ಪಾರಾಗುವ ದಾರಿಯುಂಟು. ಸಹಿ ಹಾಕುವ ಮುನ್ನ ಗಡೀಪಾರಿನ ಅಪಾಯವನ್ನು ತಿಳಿಸುವುದು ಕ್ರಿಮಿನಲ್ ವಕೀಲರ ಕರ್ತವ್ಯವೆಂದು ಅಮೆರಿಕದ ಸುಪ್ರೀಂ ಕೋರ್ಟು 2010ರ ಪಡಿಯಾ ತೀರ್ಪಿನಲ್ಲಿ ಹೇಳಿದೆ. ಆ ಸಲಹೆಯನ್ನು ಒತ್ತಿ ಕೇಳಿ ಪಡೆಯಬೇಕು. ಆದರೆ ಮುಂಚೆಯೇ ಸೇರುವ ಬಗೆಗೆ ಪ್ರಾಸಿಕ್ಯೂಟರ್ ಒಪ್ಪಿಗೆ ಬೇಕೆಂದು ಇಲಿನಾಯ್ ಕಾಯಿದೆ ಹೇಳುತ್ತದೆ. ಹಳೆಯ ಶಿಕ್ಷೆಯನ್ನು ಅಗುಳಿಯಾಗಿ ಕಾಣುವ ಕಚೇರಿ ಆ ಒಪ್ಪಿಗೆಯನ್ನು ಮೊದಲು ನಿರಾಕರಿಸುವುದು ಕಡತದಲ್ಲಿ ಹಳೆಯ ಕೇಸಿರುವವನಿಗೇ. ಪೌರನಾದರೆ ಅವನು ಚಿಕಿತ್ಸೆ ಕಳೆದುಕೊಳ್ಳುತ್ತಾನೆ. ಗ್ರೀನ್ ಕಾರ್ಡಿನವನಾದರೆ, ಚಿಕಿತ್ಸೆಯ ಜತೆಗೆ ಅಲ್ಲೇ ಹುಟ್ಟಿದ ಮಕ್ಕಳನ್ನು ಬಿಟ್ಟು ಬೆಂಗಳೂರಿನ ವಿಮಾನ ಹತ್ತಬೇಕಾಗುತ್ತದೆ.